ಕಣ್ಣಳತೆ

ಅಧ್ಯಕ್ಷರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಪ್ರತಿ ಸಭೆಯ ಆರಂಭದಲ್ಲೂ ಕೇಳುವ ಪ್ರಶ್ನೆಯನ್ನು ಅಂದೂ ಕೇಳಿದರು. ಇವತ್ತಿನ ವಿಷಯದಲ್ಲಿ ಇಲ್ಲಿ ಕೂತ ಯಾರಿಗಾದರೂ ಸ್ವಂತ ಲಾಭ, ವ್ಯವಹಾರ, ನೆಂಟಸ್ತಿಕೆ ಏನಾದರೂ ಇದೆಯೇ? ಕೇಳುತ್ತಲೇ ಅವರು ಕಡತದ ದಾರ ಬಿಚ್ಚತೊಡಗಿದ್ದರು. ಅದು ಉತ್ತರ ಬಯಸಿ ಕೇಳುವ ಪ್ರಶ್ನೆಯಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಚಹಾ ತಂದವನು ಲೋಟಗಳನ್ನಿಡುತ್ತಿದ್ದ. ಅವಳು ತನ್ನ ಲೋಟವನ್ನು ಕಾಗದಗಳಿಂದ ದೂರ ಸರಿಸಿದಳು. ಸರಿಸುವಷ್ಟು ಹೊತ್ತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಹೇಳುವುದಕ್ಕಾದರೂ ಏನಿದೆ? ಅಪ್ಪ ಮಿಠಾಯಿ ಮಾಡುತ್ತಾನೆ. ಅಪ್ಪನಂಥವರು ಸಾವಿರಾರು ಮಂದಿ ಮಾಡುತ್ತಾರೆ. ಈ ಮೇಜಿನ ಸುತ್ತ ಕೂತ ಎಲ್ಲರ ಮನೆಯಲ್ಲೂ ಮಿಠಾಯಿ ತಿನ್ನುವ ಮಕ್ಕಳಿದ್ದಾರೆ, ಅದೂ ಒಂದು ನಂಟೇ ತಾನೆ, ಅದನ್ನು ಯಾರೂ ಹೇಳುವುದಿಲ್ಲ. ತನ್ನೊಳಗೇ ಹೀಗೆ ವಾದ ಹೂಡಿ, ವಾದ ಗೆಲ್ಲುವ ಹೊತ್ತಿಗೆ ಅಧ್ಯಕ್ಷರು ಮುಂದಿನ ಮಾತಿಗೆ ಹೋಗಿಬಿಟ್ಟಿದ್ದರು. ಬಾಯಿಗೆ ಬಂದದ್ದನ್ನು ಚಹಾದ ಜೊತೆ ನುಂಗಿದಳು. ಚಹಾ ಸುಡುತ್ತಿತ್ತು. ಪಕ್ಕದಲ್ಲಿದ್ದ ಮಕ್ಕಳ ವೈದ್ಯರು ಅವಳ ಮುಖ ನೋಡಿ, ಮಗುವಿಗೆ ಹೇಳುವಂತೆ, ನಿಧಾನ, ಅಂದರು.

ತಿನ್ನುವ ಪದಾರ್ಥಗಳಿಗೆ ಬೆರೆಸುವ ಬಣ್ಣ, ಪರಿಮಳ, ಕೆಡದಂತೆ ಕಾಯುವ ಪುಡಿ, ಇವುಗಳಲ್ಲಿ ಯಾವುದು ಇರಬಹುದು, ಎಷ್ಟು ಇರಬಹುದು ಎಂದು ತೀರ್ಮಾನಿಸುವ ಸಮಿತಿ ಅದು. ಅವಳು ಅದರಲ್ಲಿ ವಿಷಶಾಸ್ತ್ರದವಳು. ಹಾಗೆಂದರೆ ಜನ ಹಿಂದೆ ಸರಿಯುತ್ತಾರೆ, ಆದರೆ ಅವಳ ಕೆಲಸ ವಿಷ ಹುಡುಕುವುದಲ್ಲ, ಏನೂ ಆಗದಿರುವುದನ್ನು ಹುಡುಕುವುದು. ಇಲಿಗಳಿಗೆ ದಿನವೂ ಒಂದು ಬಣ್ಣ ತಿನ್ನಿಸುತ್ತಾರೆ, ಒಂದು ಗುಂಪಿಗೆ ಹೆಚ್ಚು, ಒಂದಕ್ಕೆ ಕಡಿಮೆ, ಒಂದಕ್ಕೆ ಇನ್ನೂ ಕಡಿಮೆ. ಕೊನೆಗೆ ಎಲ್ಲವನ್ನೂ ಕೊಯ್ದು ನೋಡುತ್ತಾರೆ. ಏನೂ ಆಗದೆ ಉಳಿದ ಗುಂಪು ತಿಂದದ್ದೆಷ್ಟು ಎಂಬುದನ್ನು ಹಿಡಿದು ಅದನ್ನು ನೂರರಿಂದ ಭಾಗಿಸುತ್ತಾರೆ. ಇಲಿಗೂ ಮನುಷ್ಯನಿಗೂ ಇರುವ ಅಂತರಕ್ಕೆಂದು ಹತ್ತು, ಮನುಷ್ಯನಿಗೂ ಮನುಷ್ಯನಿಗೂ ಇರುವ ಅಂತರಕ್ಕೆಂದು ಇನ್ನೊಂದು ಹತ್ತು, ಹತ್ತು ಹತ್ತಲೆ ನೂರು. ಈ ನೂರನ್ನು ಯಾರು ಕಂಡುಹಿಡಿದರು, ಎಂಬತ್ತು ಯಾಕಾಗಬಾರದು ಎಂದು ವಿದ್ಯಾರ್ಥಿಯಾಗಿದ್ದಾಗ ಕೇಳಿದ್ದಳು. ಮೇಷ್ಟರು ನಕ್ಕು, ನೂರು ನೆನಪಿಡೋದಕ್ಕೆ ಸುಲಭ, ಅಂದಿದ್ದರು. ಅಂದಿನಿಂದ ಆ ನೂರನ್ನು ಅವಳು ನಂಬುತ್ತ ಬಂದಿದ್ದಳು. ಮನೆಗೂ ರಸ್ತೆಗೂ ನಡುವೆ ಬಿಟ್ಟ ಅಂಗಳದ ಹಾಗೆ, ಅದರಲ್ಲಿ ಯಾರೂ ವಾಸ ಮಾಡುವುದಿಲ್ಲ, ಆದರೆ ಅದಿಲ್ಲದಿದ್ದರೆ ಮನೆಯಲ್ಲಿ ನಿದ್ದೆ ಬರುವುದಿಲ್ಲ.

ಅಂದು ಸಭೆಯೆದುರು ಇದ್ದದ್ದು ಒಂದು ಕೆಂಪು. ಕಚೇರಿಯಲ್ಲಿ ಅದಕ್ಕೊಂದು ಸಂಖ್ಯೆಯಿತ್ತು, ಯಾರೂ ಅದನ್ನು ಕೆಂಪು ಅನ್ನುತ್ತಿರಲಿಲ್ಲ. ಬಹಳ ಕಾಲದಿಂದ ಮಿಠಾಯಿಗಳಲ್ಲಿ ಇದ್ದ ಬಣ್ಣ. ಈಚೆಗೆ ನಡೆದ ಪರೀಕ್ಷೆಯೊಂದರಲ್ಲಿ, ಏನೂ ಆಗುವುದಿಲ್ಲವೆಂದು ತಿಳಿದಿದ್ದ ಪ್ರಮಾಣದಲ್ಲೇ ಇಲಿಗಳ ಕುತ್ತಿಗೆಯ ಗ್ರಂಥಿ ಒಂದಿಷ್ಟು ದಪ್ಪಗಾಗಿತ್ತು. ಬಹಳ ಅಲ್ಲ. ಆಯಿತು ಅಂದರೆ ಆಯಿತು, ಇಲ್ಲ ಅಂದರೆ ಇಲ್ಲ. ವರದಿಯನ್ನು ಅವಳು ಓದಿದ್ದಳು, ಅಂಕಿಗಳನ್ನು ತಾನೇ ಕೂತು ಮತ್ತೊಮ್ಮೆ ಲೆಕ್ಕ ಹಾಕಿದ್ದಳು. ಮಿತಿಯನ್ನು ಅರ್ಧಕ್ಕೆ ಇಳಿಸಿದರೆ ಸಾಕು ಎಂಬುದು ಅವಳ ಅಭಿಪ್ರಾಯವಾಗಿತ್ತು, ಅದನ್ನೇ ಬರೆದುಕೊಂಡು ಬಂದಿದ್ದಳು. ಪೂರ್ತಿ ನಿಲ್ಲಿಸಬೇಕೆಂದವರು ದೊಡ್ಡ ಕಾರ್ಖಾನೆಗಳವರು. ಅವರ ವಕೀಲರು ಮೊದಲು ಮಾತಾಡಿದರು. ಮಕ್ಕಳ ಆರೋಗ್ಯ ಎಂಬ ಮಾತು ಅವರ ಬಾಯಲ್ಲಿ ಚೆನ್ನಾಗಿ ಕೂರುತ್ತಿತ್ತು. ಕಾರ್ಖಾನೆಗಳು ಬೀಟ್‌ರೂಟಿನಿಂದ ತೆಗೆದ ಬಣ್ಣಕ್ಕೆ ಆಗಲೇ ಬದಲಾಗಿವೆ, ಹಳೆಯ ಕೆಂಪು ನಿಂತರೆ ಪೇಟೆಯಲ್ಲಿ ಅವರೇ ಉಳಿಯುತ್ತಾರೆ ಎಂಬುದು ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ತಲೆಯಾಡಿಸಿದರು. ಒಳ್ಳೆಯ ಮಾತನ್ನು ಯಾರು ಆಡಿದರೇನು ಎಂದು ಅವಳೂ ಅಂದುಕೊಂಡಳು, ಅಂದುಕೊಂಡು ವಕೀಲರ ಬೂಟುಗಳನ್ನು ನೋಡಿದಳು. ಆ ಬೂಟುಗಳಿಗೆ ಎಲ್ಲೂ ಧೂಳಿರಲಿಲ್ಲ.

ಆ ಕೆಂಪು ಕಾಗದದ ಮೇಲೆ ಸಂಖ್ಯೆಯಾಗುವ ಮೊದಲು ಅವಳ ನಾಲಿಗೆಯ ಮೇಲಿತ್ತು. ಶಾಲೆಯಲ್ಲಿ ಅವಳನ್ನು ಗಿಣಿಮೂತಿ ಎಂದು ಕರೆಯುತ್ತಿದ್ದರು. ಮಾತಾಡಲು ಬಾಯಿ ತೆರೆದರೆ ಸಾಕು, ಮುಂದಿನ ಬೆಂಚಿನವರು ತಿರುಗಿ ನೋಡಿ ನಗುತ್ತಿದ್ದರು, ನಕ್ಕು ಕೈ ಚಾಚುತ್ತಿದ್ದರು, ತಂದಿದ್ದೀಯಾ ಎಂದು. ಅವಳು ತಂದಿರುತ್ತಿದ್ದಳು. ಮನೆಯ ಹಿಂದೆ ತಗಡಿನ ಸೂರಿನ ಕೆಳಗೆ ಅಪ್ಪನ ಕೆಲಸದ ಜಾಗ. ದೊಡ್ಡ ತಾಮ್ರದ ಬಾಣಲೆಯಲ್ಲಿ ಸಕ್ಕರೆ ಕುದಿಯುತ್ತಿರುತ್ತಿತ್ತು, ಪಾಕ ಹದಕ್ಕೆ ಬಂದಾಗ ಎಣ್ಣೆ ಸವರಿದ ಕಲ್ಲಿನ ಮೇಲೆ ಸುರಿಯುತ್ತಿದ್ದ. ಮೈ ತುಂಬ ಸುಟ್ಟ ಸಕ್ಕರೆಯ ವಾಸನೆ, ಅವನಿಗೂ, ಅವಳಿಗೂ, ಒಣಹಾಕಿದ ಬಟ್ಟೆಗಳಿಗೂ. ಕಾಲೇಜಿನ ಹಾಸ್ಟೆಲಿಗೆ ಹೋದ ಮೇಲೆ ಕೂದಲನ್ನು ಎಷ್ಟು ತೊಳೆದಿದ್ದಳೆಂದರೆ ಕೋಣೆಯ ಜೊತೆಗಾತಿ, ಏನೇ ನಿನಗೆ ಹೇನಾ, ಎಂದು ಕೇಳಿದ್ದಳು. ಹೇನೆಂದೇ ಹೇಳಿದ್ದಳು. ಅದು ಹೇಳಲು ಸುಲಭವಾಗಿತ್ತು. ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ವ್ಯಾಪಾರ ಅನ್ನುತ್ತಿದ್ದಳು. ಮುಂದೆ ಯಾವಾಗಲೋ ಮಿಠಾಯಿ ಎಂದು ಹೇಳುವ ಧೈರ್ಯ ಬಂತು, ಬಂದ ಮೇಲೆ ಅದನ್ನು ಸ್ವಲ್ಪ ಹೆಚ್ಚೇ ಹೇಳತೊಡಗಿದಳು, ಊಟದ ಮೇಜುಗಳಲ್ಲಿ, ನಗಿಸುವುದಕ್ಕೆ. ತಾನು ಎಂಥಾ ಕಡೆಯಿಂದ ಬಂದು ಎಂಥಾ ಕಡೆ ಕೂತಿದ್ದೇನೆ ನೋಡಿ ಎಂಬಂತೆ. ಆದರೆ ಈ ಮೇಜಿನಲ್ಲಿ ಹೇಳಿರಲಿಲ್ಲ. ಬಾಗಿಲ ಬಳಿಯಿದ್ದ ಗುಮಾಸ್ತ, ಸಣ್ಣ ಮಿಠಾಯಿ ತಯಾರಕರ ಸಂಘದ ಪ್ರತಿನಿಧಿಗಳು ಬರಬಹುದು, ಎಂದು ಕೂಗಿದಾಗ ಅವಳು ವರದಿಯ ಹಾಳೆ ತಿರುವುತ್ತಿದ್ದಳು, ತಲೆಯೆತ್ತಲಿಲ್ಲ. ಮೊದಲು ಬಂದದ್ದು ವಾಸನೆ.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ತೋಳುಗಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿದ್ದ. ಪಾಕ ಸಿಡಿದ ಕಲೆಗಳನ್ನು ಮುಚ್ಚಲು ಅವನು ಹಾಗೆ ಮಾಡುತ್ತಾನೆಂದು ಅವಳಿಗೆ ಮಾತ್ರ ಗೊತ್ತಿತ್ತು. ಜೊತೆಗೆ ಸಂಘದ ಕಾರ್ಯದರ್ಶಿ, ಬೇರೆ ಊರಿನವನು, ಇನ್ನೂ ಮೀಸೆ ಕಪ್ಪಗಿದ್ದವನು. ಅಪ್ಪ ಎಲ್ಲರಿಗೂ ಕೈ ಮುಗಿಯುತ್ತ ಬಂದ. ಮಕ್ಕಳ ವೈದ್ಯರಿಗೆ ಮುಗಿದ ಕೈ ಅವಳ ಮುಂದೆ ಬಂದಿತು. ಒಂದು ಕ್ಷಣ ನಿಂತ ಹಾಗೆ ಕಂಡಿತು, ಅಥವಾ ಅವಳಿಗೆ ಹಾಗನ್ನಿಸಿತು. ಆಮೇಲೆ ಆ ಕೈಗಳು, ಬೇರೆಯವರಿಗೆ ಎಷ್ಟು ಮುಗಿದವೋ ಅಷ್ಟೇ ಮುಗಿದು, ಮುಂದಿನ ಕುರ್ಚಿಯ ಕಡೆಗೆ ಹೋದವು. ಅವಳು ಇಲ್ಲಿ ಕೆಲಸ ಮಾಡುತ್ತಾಳೆಂದು ಅವನಿಗೆ ಗೊತ್ತು; ಈ ಕೋಣೆಯಲ್ಲಿ, ಈ ಮೇಜಿಗೆ, ಈ ದಿನ ಎಂಬುದು ಗೊತ್ತಿರಲಾರದು. ಅವಳು ಮನೆಯಲ್ಲಿ ಕೆಲಸದ ಮಾತಾಡುವವಳಲ್ಲ. ಅವನೂ ಸಂಘದ ಮಾತಾಡುವವನಲ್ಲ. ಇಬ್ಬರೂ ಅಮ್ಮನ ಮಂಡಿನೋವಿನ ಬಗ್ಗೆ ಮಾತಾಡುತ್ತಿದ್ದರು.

ಅವಳು ಎದ್ದು ನಿಂತು ಹೇಳಬೇಕಾಗಿತ್ತು. ಕಾಲಿಗೆ ಆ ಅಪ್ಪಣೆ ಹೋಯಿತು ಕೂಡ, ಹಿಮ್ಮಡಿ ನೆಲವನ್ನು ಒತ್ತಿತು. ಆದರೆ ಅಪ್ಪ ಮೊದಲೇ ಮಾತು ಶುರುಮಾಡಿಬಿಟ್ಟಿದ್ದ, ಅವನ ಮಾತನ್ನು ಕಡಿದು ಇವನು ನನ್ನಪ್ಪ ಎಂದು ಹೇಳುವುದು ಹೇಗೆ? ಅವನು ಚೆನ್ನಾಗಿಯೇ ಮಾತಾಡಿದ. ಬೀಟ್‌ರೂಟಿನ ಬಣ್ಣ ಕುದಿಯುವ ಪಾಕದಲ್ಲಿ ನಿಲ್ಲುವುದಿಲ್ಲ, ಕಂದು ತಿರುಗುತ್ತದೆ. ಅದನ್ನು ನಿಲ್ಲಿಸುವ ಯಂತ್ರಗಳು ದೊಡ್ಡವರ ಬಳಿ ಇವೆ, ನಮ್ಮ ಬಳಿ ಇರುವುದು ಬಾಣಲೆ ಮತ್ತು ಕೈ. ಮಗು ಮಿಠಾಯಿಯನ್ನು ಮೊದಲು ಕಣ್ಣಿನಿಂದ ತಿನ್ನುತ್ತದೆ ಸ್ವಾಮಿ, ಕಂದು ಮಿಠಾಯಿಯನ್ನು ಯಾವ ಮಗುವೂ ಕೈಯಲ್ಲಿ ಮುಟ್ಟುವುದಿಲ್ಲ, ಅಂದ. ಮೇಜಿನ ಸುತ್ತ ಸಣ್ಣ ನಗು ಹಬ್ಬಿತು. ಮಿತಿ ಇಳಿಸಿ, ಬೇಡ ಅನ್ನುವುದಿಲ್ಲ, ನೀವು ಹಾಕಿದ ಗೆರೆಯೊಳಗೇ ಇರುತ್ತೇವೆ, ಬಣ್ಣ ಮಾತ್ರ ನಿಲ್ಲಿಸಬೇಡಿ, ಎಂದು ಮುಗಿಸಿದ. ಅಂದರೆ ಅವಳು ಬರೆದುಕೊಂಡು ಬಂದದ್ದನ್ನೇ ಅವನು ಹೇಳಿದ್ದ. ಅಪ್ಪನೂ ತಾನೂ ಒಂದೇ ಕಡೆ ಇದ್ದೇವೆ ಎಂಬುದು ಅವಳಿಗೆ ಖುಷಿ ಕೊಡಬೇಕಾಗಿತ್ತು. ಅದರ ಬದಲು ಕುತ್ತಿಗೆಯ ಹಿಂಭಾಗ ಬಿಸಿಯಾಯಿತು. ಅಪ್ಪನ ಮಾತಿಗೆ ನಕ್ಕವರಲ್ಲಿ ವಕೀಲರೂ ಇದ್ದರು. ಮೃಗಾಲಯದಲ್ಲಿ ಏನೋ ಒಂದು ಪ್ರಾಣಿ ಜಾಣತನ ತೋರಿಸಿದಾಗ ನಗುವ ಹಾಗೆ. ತನ್ನ ವರದಿಯನ್ನು ಓದಿದರೆ ಅದು ಇವನ ಮಾತಿನ ಪ್ರತಿಧ್ವನಿಯಂತೆ ಕೇಳಿಸೀತು. ನಾಳೆ ಯಾರಿಗಾದರೂ ನಂಟು ಗೊತ್ತಾದರೆ, ಮಗಳು ಅಪ್ಪನಿಗೆ ಸಹಾಯ ಮಾಡಿದಳು ಎಂದಾಗುತ್ತದೆ. ಇಷ್ಟೆಲ್ಲ ಯೋಚಿಸಿ ಕೇಳಿದಳೋ, ಕೇಳಿದ ಮೇಲೆ ಇಷ್ಟೆಲ್ಲ ಯೋಚಿಸಿದಳೋ ಆಮೇಲೆ ಎಷ್ಟು ಹುಡುಕಿದರೂ ಅವಳಿಗೆ ತಿಳಿಯಲಿಲ್ಲ. ಪ್ರಶ್ನೆಗಳಿದ್ದರೆ ಕೇಳಬಹುದು ಎಂದು ಅಧ್ಯಕ್ಷರು ಹೇಳಿದಾಗ ಕೈ ಎತ್ತಿದವಳು ಅವಳೊಬ್ಬಳೇ.

“ಒಂದು ಬಾಣಲೆ ಪಾಕಕ್ಕೆ ನೀವು ಬಣ್ಣ ಎಷ್ಟು ಹಾಕ್ತೀರಿ? ಹೇಗೆ ಅಳೀತೀರಿ?”

ಜೀವಮಾನದಲ್ಲಿ ಅವನನ್ನು ನೀವು ಎಂದದ್ದು ಅದೇ ಮೊದಲು. ಕಾರ್ಯದರ್ಶಿ ಕೂಡಲೇ ಮುಂದಕ್ಕೆ ಬಾಗಿ ಅಪ್ಪನ ಕಿವಿಯಲ್ಲಿ ಏನೋ ಹೇಳಿದ. ಅಪ್ಪ ಅವನ ಕಡೆ ತಿರುಗಲಿಲ್ಲ. ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಪಾಕ ಹದಕ್ಕೆ ಬಂತೇ ಎಂದು ನೋಡುವಾಗಿನ ಸಾದಾ ಗಮನವಿತ್ತು, ಅಷ್ಟೆ. ಉತ್ತರ ಏನೆಂದು ಅವಳಿಗೆ ಗೊತ್ತಿತ್ತು. ಪುಡಿಯನ್ನು ನೀರಲ್ಲಿ ಕಲಸಿಟ್ಟ ಬಾಟಲಿಯನ್ನು ಅವನು ಬಾಗಿಸುತ್ತಾನೆ, ಕಲ್ಲಿನ ಮೇಲಿನ ಪಾಕ ತನಗೆ ಬೇಕಾದ ಕೆಂಪಿಗೆ ಬರುವವರೆಗೆ ಬಾಗಿಸಿಯೇ ಇರುತ್ತಾನೆ. ಮೋಡದ ದಿನ ಬೆಳಕು ಕಡಿಮೆಯಿದ್ದರೆ ಕೆಂಪು ಕಾಣುವುದಿಲ್ಲ, ಇನ್ನಷ್ಟು ಬಾಗಿಸುತ್ತಾನೆ. ವಯಸ್ಸಾಗಿ ಕಣ್ಣು ಮಂಜಾದ ಮೇಲೆ ಎಷ್ಟೋ.

“ಅಳತೆ ಅಂತ ಏನಿಲ್ಲ ಮೇಡಂ,” ಅಂದ ಅಪ್ಪ. “ಕಣ್ಣಳತೆ.”

ಕೋಣೆಯಲ್ಲಿ ಯಾರೂ ನಗಲಿಲ್ಲ. ವಕೀಲರು ಏನನ್ನೋ ಬರೆದುಕೊಂಡರು, ಬಹಳ ಚಿಕ್ಕದೊಂದು ಟಿಪ್ಪಣಿ. ಅಧ್ಯಕ್ಷರು ಅಪ್ಪನಿಗೆ ವಂದನೆ ಹೇಳಿದರು. ಅಳೆಯದವನಿಗೆ ಮಿತಿ ಹಾಕುವುದರಲ್ಲಿ ಅರ್ಥವಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅರ್ಧಕ್ಕೆ ಇಳಿಸಿ ಎಂಬ ಮಾತು ಅಲ್ಲಿಗೇ ಸತ್ತಿತ್ತು, ಅವಳ ವರದಿಯ ಜೊತೆಗೆ. ಊಟಕ್ಕೆ ಏಳುವಾಗ ಅಧ್ಯಕ್ಷರು ಅವಳ ಬಳಿ ಬಂದರು. ಇಡೀ ಬೆಳಿಗ್ಗೆಯಲ್ಲಿ ಒಂದೇ ಒಂದು ಕೆಲಸದ ಪ್ರಶ್ನೆ ಬಂದದ್ದು ನಿಮ್ಮಿಂದ, ಅಂದರು, ನಮಗೆಲ್ಲ ಇಲಿಗಳದ್ದೇ ಯೋಚನೆ, ಆ ಮನುಷ್ಯ ಹೇಗೆ ಸುರಿಯುತ್ತಾನೆ ಅನ್ನೋದು ಯಾರಿಗೂ ಹೊಳೆದಿರಲಿಲ್ಲ, ನಿಮಗೆ ಹೇಗೆ ಹೊಳೆಯಿತು?

“ಹಾಗೇ ಹೊಳೀತು ಸಾರ್,” ಅಂದಳು ಅವಳು.

ಕೆಳಗಿಳಿಯುವ ಮೆಟ್ಟಿಲಿನ ತಿರುವಿನಲ್ಲಿ ಅಪ್ಪನೂ ಕಾರ್ಯದರ್ಶಿಯೂ ನಿಂತಿದ್ದರು. ಕಾರ್ಯದರ್ಶಿಯ ದನಿ ಮೇಲಿನವರೆಗೂ ಕೇಳುತ್ತಿತ್ತು. ಅಷ್ಟು ಹೇಳಿಕೊಟ್ಟಿದ್ದೆ, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಸಿದ್ದೆ, ತೂಗಿ ಹಾಕ್ತೀವಿ ಅಂತ ಒಂದು ಮಾತು ಹೇಳೋದಕ್ಕೆ ನಿಮಗೇನಾಗಿತ್ತು, ಊರೂರಿನವರು ನಮ್ಮನ್ನ ನಂಬಿ ಕಳಿಸಿದ್ದಾರೆ, ಹೋಗಿ ಅವರಿಗೇನು ಹೇಳಲಿ. ಅಪ್ಪ ತಲೆತಗ್ಗಿಸಿ ಕೇಳುತ್ತಿದ್ದ. ಅರವತ್ತು ದಾಟಿದವನು ತನ್ನ ಅರ್ಧ ವಯಸ್ಸಿನವನಿಂದ ಬೈಸಿಕೊಳ್ಳುತ್ತಿರುವುದನ್ನು ಅವಳು ಮೇಲಿನ ಮೆಟ್ಟಿಲಲ್ಲಿ ನಿಂತು ನೋಡಿದಳು. ಇಳಿದು ಅವನ ಪಕ್ಕ ನಿಲ್ಲಲು ನಾಲ್ಕು ಹೆಜ್ಜೆ ಸಾಕಿತ್ತು. ಅವಳ ಚಪ್ಪಲಿಯ ಸದ್ದಿಗೆ ಅವನು ತಲೆಯೆತ್ತಿದ, ಕಂಡ, ಕಂಡದ್ದೇ ಗೋಡೆಯಲ್ಲಿದ್ದ ಸೂಚನಾ ಫಲಕದ ಕಡೆ ತಿರುಗಿ ಅದನ್ನು ಓದತೊಡಗಿದ. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬಾರದು ಎಂದು ಅದರಲ್ಲಿ ಬರೆದಿತ್ತು. ಕಾರ್ಯದರ್ಶಿ ಅವಳನ್ನು ನೋಡಿ ಬಾಯಿ ಮುಚ್ಚಿ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವಳು ನಡುವೆ ಹಾದು ಹೋದಳು. ಅಪ್ಪ ತನ್ನನ್ನು ಕಾಪಾಡಲು ತಿರುಗಿದನೋ, ಮುಖ ನೋಡಲು ಇಷ್ಟವಿಲ್ಲದೆ ತಿರುಗಿದನೋ? ಬೆನ್ನು ಎರಡಕ್ಕೂ ಒಂದೇ ಥರ ಕಾಣುತ್ತದೆ. ಊಟದ ಕೋಣೆಯಲ್ಲಿ ಮಕ್ಕಳ ವೈದ್ಯರು ಪಕ್ಕದಲ್ಲಿ ಕೂತು ತಮ್ಮ ಮೊಮ್ಮಗಳ ಹಟದ ಬಗ್ಗೆ ಹೇಳಿದರು. ಅವಳು ಬೇಕಾದ ಕಡೆಯಲ್ಲೆಲ್ಲ ನಕ್ಕಳು, ತಟ್ಟೆಯನ್ನೂ ಖಾಲಿ ಮಾಡಿದಳು.

ಸಂಜೆ ಅಪ್ಪನ ಮನೆಗೆ ಹೋದಳು. ಬಸ್ಸಿನಲ್ಲಿ ಕೂತಾಗ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡಳು, ಇಳಿಯುವಾಗ ಅವು ಕಲೆಸಿಹೋಗಿದ್ದವು. ಅಮ್ಮ ಜಗಲಿಯಲ್ಲಿ ಕೂತು ಮಿಠಾಯಿಗಳಿಗೆ ಕಾಗದ ಸುತ್ತುತ್ತಿದ್ದಳು. ಎರಡು ಬೆರಳುಗಳ ಒಂದು ತಿರುವು, ಇನ್ನೊಂದು ತಿರುವು, ಬುಟ್ಟಿಗೆ. ಮಗಳನ್ನು ಕಂಡು ಕಾಲು ಮಡಚಿ ಜಾಗ ಮಾಡಿಕೊಟ್ಟಳು. ಒಳ್ಳೇದಾಯ್ತು ಬಂದದ್ದು, ಅಂದಳು, ನಿಮ್ಮಪ್ಪ ಬಂದಾಗಿನಿಂದ ಬಾಯಿ ಬಿಟ್ಟಿಲ್ಲ, ಊಟಾನೂ ಅಷ್ಟಕ್ಕಷ್ಟೆ. ಬಿಟ್ಟುಹೋಗೋಕೆ ಬಂದಿದ್ದ ಕಾರ್ಯದರ್ಶಿ ಹೇಳಿದ, ಅಲ್ಲಿ ಸಭೆಯಲ್ಲಿ ಯಾರೋ ಹೆಂಗಸು ಏನೋ ಕೇಳಿ ಇವರ ಬಾಯಿ ಮುಚ್ಚಿಸಿದಳಂತೆ.

“ನಿಮ್ಮ ಆಫೀಸೇ ಅಲ್ವೇನೇ? ಯಾರವಳು, ನಿನಗೆ ಗೊತ್ತಾ?”

“ಗೊತ್ತು.”

“ಹೇಗೆ, ಜೋರಾ?”

“ಹಾಗೇನಿಲ್ಲ,” ಅಂದಳು ಅವಳು.

ಅಪ್ಪ ಹಿಂದುಗಡೆ ಬಾಣಲೆ ತೊಳೆಯುತ್ತಿದ್ದ. ಬಿಳಿ ಅಂಗಿಯನ್ನು ಮೊಳೆಗೆ ತೂಗುಹಾಕಿದ್ದ. ಅವಳು ಬಾಗಿಲಲ್ಲಿ ನಿಂತಳು. ಅವನು ತಿರುಗಿ ನೋಡಿ, ಸ್ಟೂಲು ಇದೆ, ಕೂತ್ಕೋ, ಎಂದ, ಯಾವತ್ತಿನ ದನಿಯಲ್ಲೇ. ನೀರು ಮಗುಚಿದ, ತೆಂಗಿನ ನಾರಿನಿಂದ ಮತ್ತೆ ಉಜ್ಜಿದ. ತಾನು ಆ ಸಮಿತಿಯಲ್ಲಿರುವುದನ್ನು ಮೊದಲೇ ಹೇಳಬೇಕಾಗಿತ್ತು, ಎಂದಳು ಅವಳು. ತಾನೂ ಬರುವುದನ್ನು ಹೇಳಲಿಲ್ಲವಲ್ಲ, ಎಂದ ಅವನು. ಹೇಳಿದರೆ ನೀನು ಯಾರಿಗಾದರೂ ಒಂದು ಮಾತು ಹೇಳಿಡುತ್ತೀಯ, ಅದು ಬೇಡ ಅಂತ ಸುಮ್ಮನಿದ್ದೆ. ಹಾಗೆ ತಾನು ಹೇಳಿಡುತ್ತಿರಲಿಲ್ಲ ಎಂದು ಅವಳಿಗೆ ತಟ್ಟನೆ ಹೊಳೆಯಿತು, ಹೊಳೆದು ನಾಚಿಕೆಯಾಯಿತು. ಆ ಬಣ್ಣದಿಂದ ನಿಜವಾಗಿ ಏನಾದರೂ ಆಗುತ್ತದಾ, ಎಂದು ಅಪ್ಪ ಕೇಳಿದ. ಇಷ್ಟು ವರ್ಷಗಳಲ್ಲಿ ಅವನು ಅದನ್ನು ಕೇಳಿರಲಿಲ್ಲ. ಅವಳು ಇಲಿಗಳ ಬಗ್ಗೆ ಹೇಳಿದಳು, ಕುತ್ತಿಗೆಯ ಗ್ರಂಥಿಯ ಬಗ್ಗೆ, ಆಗಬಹುದು, ಆಗದಿರಲೂಬಹುದು, ಸ್ವಲ್ಪ ಇದ್ದರೆ ಏನೂ ಇಲ್ಲ ಎಂದು ನಂಬಿದ್ದೇವೆ, ಎಂದಳು. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಜೋಳಿಗೆಯ ಹಾಗೆ ಕೇಳಿಸಿತು, ಎಲ್ಲವನ್ನೂ ಹಾಕಿಕೊಳ್ಳುವ, ಏನನ್ನೂ ಕೊಡದ ಜೋಳಿಗೆ. ಅಪ್ಪ ಕೊನೆಯವರೆಗೆ ಕೇಳಿದ. ನಾನು ಹಾಕೋದು ಸ್ವಲ್ಪಾನಾ, ಎಂದು ಕೇಳಿದ. ಗೊತ್ತಿಲ್ಲ ಅಪ್ಪ, ನಿನಗೇ ಗೊತ್ತಿಲ್ಲದ್ದು ನನಗೆ ಹೇಗೆ ಗೊತ್ತಾಗಬೇಕು, ಎಂದಳು. ನಾಳೆ ಅಧ್ಯಕ್ಷರ ಬಳಿ ಹೋಗಿ ಇವರು ನಮ್ಮಪ್ಪ ಎಂದು ಹೇಳಿಬಿಡುತ್ತೇನೆ, ಎಂದೂ ಹೇಳಿದಳು.

ಅಪ್ಪ ಬಾಣಲೆಯನ್ನು ಗೋಡೆಗೆ ಒರಗಿಸಿದ. ಕೈಯನ್ನು ಲುಂಗಿಗೆ ಒರೆಸಿಕೊಂಡ.

“ಹೇಳಿದ್ರೆ ಏನಾಗತ್ತೆ?”

“ನಾನು ಕೇಳಿದ್ದು ಲೆಕ್ಕಕ್ಕಿಲ್ಲ ಅಂತಾಗತ್ತೆ. ನೀನು ಹೇಳಿದ್ದೂ. ಇನ್ನೊಂದು ಸಲ ಸಭೆ ಮಾಡ್ತಾರೆ. ನಾನಿರಲ್ಲ.”

ಅವನು ತೆಂಗಿನ ನಾರನ್ನು ಹಿಂಡಿ ಕಲ್ಲಿನ ಮೇಲಿಟ್ಟ. ಒಳಗೆ ಅಮ್ಮ ಪಾತ್ರೆ ಸರಿಸಿದ ಸದ್ದು. ಕಾರ್ಯದರ್ಶಿ ಹೇಳಿಕೊಟ್ಟಿದ್ದನ್ನು ಹೇಳಬೇಕೆಂದೇ ಒಳಗೆ ಬಂದಿದ್ದೆ, ಎಂದ ಆಮೇಲೆ, ಬಾಯಿಪಾಠ ಬಂದಿತ್ತು, ತಕ್ಕಡಿ, ಗ್ರಾಮು, ಚಮಚ, ಎಲ್ಲ.

“ಬೇರೆ ಯಾರು ಕೇಳಿದ್ರೂ ಸುಳ್ಳು ಹೇಳ್ತಿದ್ದೆ ಕಣಮ್ಮ. ಹೇಳಿ ಮನೆಗೆ ಬಂದು ಊಟ ಮಾಡ್ತಿದ್ದೆ. ನೀನು ಕೇಳಿದೆ. ನೀನು ಇಲ್ಲೇ ನಿಂತು ನೋಡಿದವಳು, ನಿನ್ನ ಮುಂದೆ ಹೇಗೆ ಹೇಳಲಿ?”

ಅದನ್ನು ಅವನು ದೂರಿನಂತೆ ಹೇಳಲಿಲ್ಲ. ಕೈ ಸುಟ್ಟುಕೊಂಡವನು ಎಲ್ಲಿ ಸುಟ್ಟಿತೆಂದು ತೋರಿಸುವಂತೆ ಹೇಳಿದ. ಅವಳಿಗೆ ಅಳು ಬರಬಹುದು ಅನ್ನಿಸಿತು, ಬರಲಿಲ್ಲ. ತನ್ನ ಪ್ರಶ್ನೆ ಸರಿಯಾದ ಪ್ರಶ್ನೆ. ಅವನ ಉತ್ತರ ನಿಜವಾದ ಉತ್ತರ. ಮಕ್ಕಳ ಕುತ್ತಿಗೆಯಲ್ಲಿ ದಪ್ಪಗಾಗುವುದು ಏನಿದೆಯೋ ಅದನ್ನು ತಡೆಯಲು ಈ ಎರಡೂ ಬೇಕಾಗಿದ್ದವು. ಇಷ್ಟೊಂದು ಸರಿಗಳು ಸೇರಿ ಇಂಥ ಸಂಜೆಯೊಂದನ್ನು ಹೇಗೆ ಮಾಡಿದವು? ಅವಳು ಸ್ಟೂಲಿನಿಂದ ಎದ್ದಳು. ಅಪ್ಪ, ಹೇಳಬೇಕು ಅನ್ನಿಸಿದರೆ ಹೇಳು, ನಾನೇನೂ ಅನ್ನಲ್ಲ, ಎಂದ. ಅಮ್ಮ ಊಟ ಮಾಡಿಕೊಂಡು ಹೋಗು ಎಂದಳು, ಅವಳು ತಲೆನೋವೆಂದು ಹೇಳಿ ಹೊರಟಳು.

ಮರುದಿನ ಬೆಳಿಗ್ಗೆ ಅಧ್ಯಕ್ಷರ ಕೋಣೆಯಲ್ಲಿ ಹೇಳಿಬಿಟ್ಟಳು. ನಿಂತೇ ಹೇಳಿದಳು. ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. ಕನ್ನಡಕವಿಲ್ಲದ ಅವರ ಕಣ್ಣು ಚಿಕ್ಕದಾಗಿ, ಹಸಿಯಾಗಿ ಕಾಣುತ್ತಿತ್ತು.

“ನಿನ್ನೆ ಹೇಳಿದ್ರೆ ಆಗ್ತಿತ್ತು,” ಎಂದರು. “ಆದೇಶಕ್ಕೆ ಸಹಿ ಆದಮೇಲೆ ಹೇಳಿದ್ರೂ ಆಗ್ತಿತ್ತು. ಇವತ್ತೇ ಯಾಕೆ ಬಂದ್ರಿ?”

ಅವರು ಕೋಪಿಸಿಕೊಳ್ಳಲಿಲ್ಲ, ಅವಳ ಪ್ರಶ್ನೆ ಎಷ್ಟು ಬೆಲೆಬಾಳುತ್ತಿತ್ತು, ಈಗ ಅದನ್ನು ಹೇಗೆ ಎಸೆಯಬೇಕಾಗುತ್ತದೆ ಎಂದು ನಿಧಾನವಾಗಿ ವಿವರಿಸಿದರು, ಒಡೆದ ಪಾತ್ರೆಯ ಚೂರುಗಳನ್ನು ಎತ್ತಿ ತೋರಿಸುವಂತೆ. ಅವಳನ್ನು ಸಮಿತಿಯಿಂದ ಬಿಡಿಸಿದರು. ಅವಳ ವರದಿಯೂ ಹೋಯಿತು, ಅದರ ಜಾಗದಲ್ಲಿ ಬೇರೊಬ್ಬರು ಬರೆದ, ಹೆಚ್ಚು ಕಡಿಮೆ ಅದನ್ನೇ ಹೇಳುವ ವರದಿ ಬಂತು. ಮೊದಲ ವಿಚಾರಣೆ ನಡೆದೇ ಇಲ್ಲವೆಂದು ಭಾವಿಸಬೇಕು ಎಂದು ಸುತ್ತೋಲೆ ಹೊರಟಿತು. ಮುಂದಿನ ತಿಂಗಳು ವಿಚಾರಣೆ ಮತ್ತೆ ನಡೆಯಿತು. ಆ ಹೊತ್ತು ಅವಳು ಅದೇ ಕಟ್ಟಡದ ಕೆಳ ಅಂತಸ್ತಿನಲ್ಲಿ, ಬ್ರೆಡ್ಡಿಗೆ ಬೂಷ್ಟು ಹಿಡಿಯದಂತೆ ಹಾಕುವ ಪುಡಿಯೊಂದರ ಕಡತ ಓದುತ್ತಿದ್ದಳು. ಮೇಲೆ ಕುರ್ಚಿ ಎಳೆದ ಸದ್ದು ಕೇಳಿಸಿದಾಗೆಲ್ಲ ಓದುತ್ತಿದ್ದ ಸಾಲು ತಪ್ಪಿಹೋಗುತ್ತಿತ್ತು. ಅಪ್ಪ ಬಂದಿದ್ದಾನೆಂದು ಗೊತ್ತಿತ್ತು. ಮೆಟ್ಟಿಲ ಬಳಿ ಹೋಗಿ ನಿಲ್ಲಲಿಲ್ಲ.

ನಡೆದದ್ದನ್ನು ಮಕ್ಕಳ ವೈದ್ಯರು ಹೇಳಿದರು, ಕೈ ತೊಳೆಯುವ ಕಡೆ ಸಿಕ್ಕಾಗ. ಈ ಸಲ ಆ ಪ್ರಶ್ನೆಯನ್ನು ನಾನೇ ಕೇಳಿದೆ, ಯಾರಾದರೂ ಕೇಳಲೇಬೇಕಲ್ಲ, ಅಂದರು. ತಕ್ಕಡಿಯಲ್ಲಿ ತೂಗಿ, ಅಳತೆಯ ಚಮಚದಲ್ಲಿ ಹಾಕುತ್ತೇವೆ, ಸಂಘದವರೆಲ್ಲರೂ ಹಾಗೇ ಮಾಡುತ್ತಾರೆ, ಎಂದು ಅಪ್ಪ ಒಂದಿಷ್ಟೂ ತಡವರಿಸದೆ ಹೇಳಿದ್ದ. ಎಷ್ಟು ಗ್ರಾಮು ಎಂಬುದನ್ನೂ ಹೇಳಿದ್ದ. ಮೇಜಿನ ಸುತ್ತ ಕೂತವರೆಲ್ಲ ಹಿಂದೆ ಅವನ ಬಾಯಿಂದಲೇ ಬೇರೆ ಉತ್ತರ ಕೇಳಿದ್ದವರು. ಆದರೆ ಆ ಉತ್ತರ ಈಗ ಇರಲಿಲ್ಲ. ವಕೀಲರು ಎದ್ದು ಆಕ್ಷೇಪಿಸಲು ನೋಡಿದರಂತೆ, ನಡೆಯದ ವಿಚಾರಣೆಯ ಮಾತನ್ನು ಎತ್ತುವಂತಿಲ್ಲ ಎಂದು ಅಧ್ಯಕ್ಷರು ಕೂರಿಸಿದರಂತೆ. ಮಿತಿಯನ್ನು ಅರ್ಧಕ್ಕಿಳಿಸಿ, ಅಳೆದು ಬೆರೆಸಬೇಕೆಂಬ ಷರತ್ತಿನ ಮೇಲೆ ಬಣ್ಣವನ್ನು ಉಳಿಸಿದರು. ನಿಮ್ಮ ತಂದೆ ಚೆನ್ನಾಗಿ ಮಾತಾಡ್ತಾರೆ, ಎಂದು ವೈದ್ಯರು ಕೈ ಒರೆಸಿಕೊಂಡು ಹೋದರು. ಅವರ ದನಿಯಲ್ಲಿ ವ್ಯಂಗ್ಯವಿತ್ತೇ ಎಂದು ಅವಳು ಕನ್ನಡಿಯಲ್ಲಿ ಅವರ ಬೆನ್ನನ್ನು ನೋಡಿದಳು.

ಅವಳಿಗೆ ಮೊದಲು ಆದದ್ದು ಸಮಾಧಾನ. ಅದನ್ನು ಒಪ್ಪಿಕೊಳ್ಳಲು ಕಷ್ಟವಾಯಿತು, ಆದರೆ ಅದೇ ಮೊದಲು ಬಂತು: ಅಪ್ಪ ಗೆದ್ದ, ಆ ಕಾರ್ಯದರ್ಶಿ ಇನ್ನು ಬೈಯುವುದಿಲ್ಲ, ಬಾಣಲೆ ಒಲೆಯ ಮೇಲಿರುತ್ತದೆ. ಅದರ ಹಿಂದೆಯೇ ಬಂದ ಯೋಚನೆಗೆ ಹೆಸರಿರಲಿಲ್ಲ. ತಾನು ನಿಜ ಮುಚ್ಚಿಟ್ಟು ಕೂತಿದ್ದಾಗ ಅವನು ನಿಜ ಹೇಳಿದ್ದ. ತಾನು ನಿಜ ಹೇಳಿ ಎದ್ದು ಹೋದ ಮೇಲೆ ಅವನು ಸುಳ್ಳು ಹೇಳಿದ. ಎಲ್ಲೋ ಒಂದು ಬೀದಿಯಲ್ಲಿ ಒಂದು ಮಗು ಕೆಂಪು ನಾಲಿಗೆ ಚಾಚಿ ಇನ್ನೊಂದು ಮಗುವನ್ನು ಅಣಕಿಸುತ್ತಿರಬಹುದು, ಅದಕ್ಕೆ ಏನೂ ಆಗದಿರಬಹುದು. ನೂರರ ಅಂಗಳ ಇದೆ. ಅದು ದೊಡ್ಡ ಅಂಗಳ. ಅಪ್ಪ ಈಗ ನಿಜವಾಗಿಯೂ ತಕ್ಕಡಿ ತಂದಿರಬಹುದು, ಹೇಳಿದ ಮಾತಿಗಾಗಿಯಾದರೂ. ತಂದಿದ್ದಾನೆಯೇ ಎಂದು ಕೇಳಬೇಕೆಂದುಕೊಂಡಳು, ದಿನವೂ ಅಂದುಕೊಂಡಳು, ಹೇಗೆ ಕೇಳಿದರೂ ಅದು ಸಮಿತಿಯ ಪ್ರಶ್ನೆಯಾಗುತ್ತಿತ್ತು.

ವಾರದ ಕೊನೆಗೆ ಅಪ್ಪನದೇ ಫೋನು ಬಂತು. ಅಮ್ಮನ ಮಂಡಿಗೆ ಹೊಸ ಎಣ್ಣೆ ತಂದದ್ದು, ಅದರ ವಾಸನೆಗೆ ಮನೆಯಲ್ಲಿ ಕೂರಲಾಗದಿರುವುದು, ಪಕ್ಕದ ಮನೆಯವರು ಗೋಡೆ ಎತ್ತರಿಸುತ್ತಿರುವುದು, ಇವನ್ನೆಲ್ಲ ಹೇಳಿದ. ಸಭೆಯ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಮೊದಲಿನ ಹಾಗೇ ಇದೆ ಅನ್ನಿಸಿತು, ಅಥವಾ ಮೊದಲಿನ ಹಾಗೆ ಕೇಳಿಸುವಂತೆ ಇಬ್ಬರೂ ಚೆನ್ನಾಗಿ ಮಾತಾಡಿದರು. ಅಮ್ಮ ಕೇಳುತ್ತಿದ್ದಾಳೆ, ಭಾನುವಾರ ಬರ್ತೀಯಾ ಅಂತ, ಎಂದ. ಬರುತ್ತೇನೆ ಎಂದಳು. ಆ ಮನೆಗೆ ಅವಳು ಎಂದೂ ಹೇಳಿ ಹೋದವಳಲ್ಲ; ಚಿಲಕ ತೆಗೆದು, ಜಗಲಿ ದಾಟಿ, ನೇರ ಹಿಂದಕ್ಕೆ, ಅವನು ಏನು ಮಾಡುತ್ತಿದ್ದಾನೋ ಅಲ್ಲಿಗೆ ಹೋಗುತ್ತಿದ್ದಳು.

“ಬರೋ ಮುಂಚೆ ಒಂದು ಫೋನ್ ಮಾಡು,” ಎಂದ ಅಪ್ಪ.

“ಆಯ್ತಪ್ಪ,” ಎಂದಳು ಅವಳು.